ಹೊಳಪು ಕ್ಯಾಮೆರಾಗೆ, ಕಲಾಯಿ ಹೊಟ್ಟೆಗೆ

1/6
ಅಜ್ಜಿ ಕಾಲದ ಹಿತ್ತಾಳೆ ಕಾಫಿ ಫಿಲ್ಟರ್ ಅಟ್ಟದಿಂದ ಇಳಿಸ್ತಾರೆ, ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ, ಹತ್ತೇ ಸೆಕೆಂಡಲ್ಲಿ ಕಪ್ಪಗಿದ್ದದ್ದು ಚಿನ್ನದ ಥರ ಮಿಂಚುತ್ತೆ. ಈ ಥರದ ರೀಲ್ ನೀವೂ ನೋಡಿರ್ತೀರಿ. ಜಯನಗರ, ಬನಶಂಕರಿ, ಜೆ.ಪಿ. ನಗರದಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟೋವಾಗ ಅಟ್ಟದ ಸಾಮಾನೆಲ್ಲ ಕೆಳಗೆ ಬರುತ್ತೆ. ಹಾಗೆ ಇಂಥದ್ದೊಂದು ಫಿಲ್ಟರ್ ನಿಮ್ಮಲ್ಲೂ ಕೆಲವರ ಕೈಗೆ ಸಿಕ್ಕಿರಬಹುದು. ಗುಜರಿಗೆ ಹಾಕದೆ ಇಟ್ಕೊಂಡಿದ್ದು ಒಳ್ಳೇದೇ ಆಯ್ತು.

ಆದ್ರೆ ನನ್ನ ತಕರಾರು ಒಂದಿದೆ. ಹೊರಗಡೆ ಉಜ್ಜಿ ಹೊಳಪು ಬರಿಸಿದ್ದನ್ನೇ ನಾವು ‘ರೆಸ್ಟೋರ್’ ಅಂತ ಕರೀತಿದ್ದೀವಿ. ಅದರಿಂದ ಭಯ ಇಲ್ಲದೆ ಕುಡಿಯೋ ಅಂಥ ಕಾಫಿ ಇಳಿಯೋವರೆಗೂ ಆ ಫಿಲ್ಟರ್ ರಿಪೇರಿ ಆಗಿಲ್ಲ ಅನ್ನೋದು ನನ್ನ ವಾದ.

2/6
ಹಿತ್ತಾಳೆ ಅಂದ್ರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿ, ತೇವ ತಾಗಿ ಅದರ ಮೇಲೆ ಕಪ್ಪು ಪದರ ಕೂರುತ್ತೆ. ಹುಣಸೆಯಲ್ಲಿರೋ ಟಾರ್ಟಾರಿಕ್ ಆಮ್ಲ ಆ ಪದರವನ್ನ ಕರಗಿಸುತ್ತೆ. ರೀಲ್‌ನಲ್ಲಿ ಕಾಣೋ ಮ್ಯಾಜಿಕ್ ಇಷ್ಟೇ.

ಈಗ ಇನ್ನೊಂದು ಕಡೆಯಿಂದ ಯೋಚನೆ ಮಾಡಿ. ಹುಳಿ ತಾಗಿದ್ರೆ ಹಿತ್ತಾಳೆ ಕರಗುತ್ತೆ ಅಂದ್ಮೇಲೆ, ಕಾಫಿಗೂ ಸ್ವಲ್ಪ ಹುಳಿ ಗುಣ ಇದೆ. ರಾತ್ರಿ ಬಿಸಿನೀರು ಹಾಕಿಟ್ಟು ಬೆಳಗ್ಗೆವರೆಗೂ ಡಿಕಾಕ್ಷನ್ ಅದೇ ಡಬ್ಬಿಯಲ್ಲಿ ಕೂತಿರುತ್ತೆ. ಬರೀ ಹಿತ್ತಾಳೆ ಆದ್ರೆ ತಾಮ್ರ ಡಿಕಾಕ್ಷನ್‌ಗೆ ಇಳಿಯುತ್ತೆ. ಜಾಸ್ತಿ ತಾಮ್ರ ಹೊಟ್ಟೆಗೆ ಹೋದ್ರೆ ವಾಕರಿಕೆ, ವಾಂತಿ, ಹೊಟ್ಟೆನೋವು.

“ತಾಮ್ರದ ಚೊಂಬಿನ ನೀರು ಒಳ್ಳೇದು ಅಂತಾರಲ್ವಾ?” ಅಂತ ಕೇಳ್ತೀರಿ. ಚೊಂಬಲ್ಲಿರೋದು ಬರೀ ನೀರು, ಹುಳಿ ಇಲ್ಲ. ಅದೇ ಚೊಂಬಲ್ಲಿ ಮಜ್ಜಿಗೆ ಇಡಬೇಡ ಅಂತ ಮನೇಲಿ ಬೈಯೋದು ಸುಮ್ನೆ ಅಲ್ಲ.

3/6
ಅದಕ್ಕೇ ಹಳಬರು ಒಳಗಡೆ ಕಲಾಯಿ ಹಾಕಿಸ್ತಿದ್ರು. ಕಲಾಯಿ ಅಂದ್ರೆ ತವರದ ತೆಳು ಲೇಪ. ಪಾತ್ರೆಯನ್ನ ಚೆನ್ನಾಗಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸ್ತಾರೆ. ಬಿಳಿ ಹೊಗೆ ಏಳುತ್ತೆ. ತವರದ ತುಂಡು ತಾಗಿಸಿದ್ರೆ ಕರಗುತ್ತೆ, ಅದನ್ನ ಹತ್ತಿಯಿಂದ ಒಂದೇ ಸಮ ಸವರ್ತಾರೆ. ಒಳಗೆಲ್ಲ ಬೆಳ್ಳಿ ಬಣ್ಣ. ನಿಮ್ಮ ಫಿಲ್ಟರ್ ಒಳಗೆ ಹಳದಿ ಕಾಣ್ತಿದ್ರೆ ಅಲ್ಲಿ ಕಲಾಯಿ ಸವೆದಿದೆ ಅಂತ ಅರ್ಥ.

ಇದು ಅಜ್ಜಿಯ ಮೂಢನಂಬಿಕೆ ಅಲ್ಲ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಆಹಾರ ತಿನ್ನೋಕೆ ಯೋಗ್ಯ ಅಲ್ಲ ಅಂತ 2011ರ ಆಹಾರ ಸುರಕ್ಷತಾ ನಿಯಮದಲ್ಲೇ ಬರೆದಿತ್ತು. ಫ್ರಾನ್ಸಿನ ಹಳೇ ತಾಮ್ರದ ಪಾತ್ರೆಗಳಿಗೂ ಒಳಗೆ ತವರವೇ. ಟರ್ಕಿಯ ಕಾಫಿ ಪಾತ್ರೆಗೂ ಅದೇ, ಅಲ್ಲಿ ತವರಕ್ಕೆ ‘ಕಲಾಯ್’ ಅಂತಲೇ ಅಂತಾರೆ. ಪದದ ಬೇರು ಅರಬ್ಬಿ. ಬಾಬಾಬುಡನ್ ಗಿರಿಗೆ ಕಾಫಿ ಬೀಜ ಯೆಮೆನ್‌ನಿಂದ ಬಂತು ಅನ್ನೋ ಕಥೆ ನಮಗೆಲ್ಲ ಗೊತ್ತು. ಕಲಾಯಿ ಅನ್ನೋ ಪದವೂ ಆ ಕಡೆಯದ್ದೇ.

4/6
ಸರಿ, ಮಾಡೋದು ಹೇಗೆ?

ಮೊದಲು ತೂತು. ಮೇಲಿನ ಡಬ್ಬಿಯನ್ನ ಬೆಳಕಿಗೆ ಹಿಡಿದು ನೋಡಿ. ಹಳೇ ಪುಡಿಯ ಜಿಡ್ಡು ಕೂತು ಎಷ್ಟೋ ತೂತು ಮುಚ್ಚಿರುತ್ತೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಸೂಜಿ ಹಾಕೋದಾದ್ರೆ ಮೆತ್ತಗೆ, ತೂತು ದೊಡ್ಡದಾದ್ರೆ ಪುಡಿ ಕೆಳಗೆ ಇಳಿಯುತ್ತೆ.

ಸ್ಟೀಲ್ ಫಿಲ್ಟರ್ ಕಟ್ಟಿಕೊಂಡ್ರೆ ಗ್ಯಾಸ್ ಉರಿ ಮೇಲೆ ಹಿಡೀತೀವಿ, ಜಿಡ್ಡು ಸುಟ್ಟುಹೋಗುತ್ತೆ. ಕಲಾಯಿ ಹಾಕಿದ್ದಕ್ಕೆ ಈ ಉಪಾಯ ಬೇಡವೇ ಬೇಡ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ, ಗ್ಯಾಸ್ ಉರಿ ಅದಕ್ಕಿಂತ ಎಷ್ಟೋ ಬಿಸಿ. ಒಳಗೆ ಸ್ಟೀಲ್ ನಾರು ಹಾಕಿ ತಿಕ್ಕಬೇಡಿ, ಹುಣಸೆಹಣ್ಣೂ ಬೇಡ, ಅದು ಹೊರಗಡೆಗೆ ಮಾತ್ರ.

ಆಮೇಲೆ ಕಲಾಯಿ. ಸೀಸ ಬೆರೆಸದ ಶುದ್ಧ ತವರವೇ ಬೇಕು ಅಂತ ಬಾಯಿಬಿಟ್ಟು ಕೇಳಿ. ತೂತಿನ ಡಬ್ಬಿ, ಒತ್ತೋ ತಟ್ಟೆ, ಕೆಳಗಿನ ಡಬ್ಬಿ, ಮೂರಕ್ಕೂ ಹಾಕಿಸಿ. ವಾಪಸ್ ತಗೊಳ್ಳೋವಾಗ ಮತ್ತೆ ಬೆಳಕಿಗೆ ಹಿಡಿದು ನೋಡಿ, ತವರವೇ ತೂತು ಮುಚ್ಚಿಬಿಡೋದೂ ಉಂಟು.

5/6
ಕಲಾಯಿ ಹಾಕೋರು ಎಲ್ಲಿ ಸಿಗ್ತಾರೆ? ತಿದಿ ಹೊತ್ಕೊಂಡು ಬೀದಿಬೀದಿ ಕೂಗ್ತಾ ಬರೋರು ಈಗ ಅಪರೂಪ. ಮನೆಮನೆಗೂ ಸ್ಟೀಲ್ ಬಂತು, ಅವರ ಕೆಲಸ ಹೋಯ್ತು. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆಯ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿ. ಬನಶಂಕರಿ, ಜಯನಗರದಿಂದ ಗ್ರೀನ್ ಲೈನ್ ಮೆಟ್ರೋ ನೇರ ಚಿಕ್ಕಪೇಟೆಗೆ ಹೋಗುತ್ತೆ. ಬಿ.ಟಿ.ಎಂ.ನವರು ಯೆಲ್ಲೋ ಲೈನ್ ಹಿಡಿದು ಆರ್.ವಿ. ರೋಡಲ್ಲಿ ಬದಲಾಯಿಸಿದ್ರೆ ಆಯ್ತು.

ನನಗೆ ಮುಖ್ಯ ಅನ್ಸೋದು ಇದೇ. ಪಾಲಿಶ್ ಡಬ್ಬಿಗೆ ಕೊಡೋ ದುಡ್ಡನ್ನ ಆ ಕೈಗೆ ಕೊಡೋಣ. ನಾವು ‘ವಿಂಟೇಜ್’ ಅಂತ ಪಾತ್ರೆಯನ್ನ ಮೆಚ್ಚಿ, ಅದನ್ನ ಬಾಳಿಸ್ತಿದ್ದ ಕಸುಬನ್ನ ಮರೆತ್ರೆ ಅದೆಂಥ ಅಭಿಮಾನ? ಗಿರಾಕಿ ಇಲ್ಲ ಅಂದ್ರೆ ಕೆಲಸ ಕಲಿಯೋ ಹುಡುಗನೂ ಇರಲ್ಲ. ಆಮೇಲೆ ಎಲ್ಲ ಹಿತ್ತಾಳೆ ಫಿಲ್ಟರೂ ಶೋಕೇಸಿಗೇ.

6/6
“ಇಷ್ಟೆಲ್ಲ ತಲೆನೋವು ಯಾಕೆ, ಸ್ಟೀಲ್ ಫಿಲ್ಟರ್ ಇದೆಯಲ್ಲ” ಅಂದ್ರೆ, ನಿಜ. ಡಿಕಾಕ್ಷನ್ ಚೆನ್ನಾಗಿ ಬರೋದು ಪುಡಿಯ ಹದ, ಒತ್ತೋ ಹದ, ನೀರಿನ ಬಿಸಿಯಿಂದ. ಹಿತ್ತಾಳೆಯಿಂದ ರುಚಿ ಹೆಚ್ಚುತ್ತೆ ಅಂತ ನಾನು ಹೇಳ್ತಿಲ್ಲ. ಸ್ಟೀಲ್‌ನಲ್ಲೇ ಕುಡೀರಿ, ಹಿತ್ತಾಳೇದನ್ನ ನೆನಪಿಗೆ ಇಟ್ಕೊಳ್ಳಿ, ಅದೂ ಮರ್ಯಾದಸ್ಥ ಆಯ್ಕೆಯೇ. ಆದ್ರೆ ಹೊರಗೆ ಮಿಂಚಿಸಿ, ಒಳಗೆ ಹಳದಿ ಬಿಟ್ಟು, ಅದರಲ್ಲೇ ಮನೆಗೆ ಬಂದೋರಿಗೆ ಕಾಫಿ ಕೊಡಬೇಡಿ.

ಮುಂದಿನ ಸಲ ಅಂಥ ರೀಲ್ ಬಂದ್ರೆ ಕಾಮೆಂಟಲ್ಲಿ ಒಂದೇ ಪ್ರಶ್ನೆ ಹಾಕಿ: “ಒಳಗಡೆ ತೋರಿಸಿ.” ನಿಮ್ಮ ಏರಿಯಾದಲ್ಲಿ ಕಲಾಯಿ ಹಾಕೋರು ಇದ್ರೆ ಯಾವ ಬೀದಿ ಅಂತ ಕೆಳಗೆ ಬರೀರಿ, ಎಲ್ಲರಿಗೂ ಉಪಯೋಗ ಆಗುತ್ತೆ.

#ಫಿಲ್ಟರ್‌ಕಾಫಿ #ಕಲಾಯಿ #ದಕ್ಷಿಣಬೆಂಗಳೂರು