ಕಡಲಮೀನಿನ ಚೀಲದ ಮೇಲೆ ಉಪ್ಪಿನ ಅಂಕೆ ಬೇಕು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳಲ್ಲಿ ನಾವು ಮನೆಗೆ ಹಾಸುವ ಫರಸಿಯೂ ಸಿಮೆಂಟಿಗಾಗಿ ಸುಡುವ ಸುಣ್ಣಗಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ಆಳವಿಲ್ಲದ ಸಮುದ್ರವೊಂದರ ತಳದಲ್ಲಿ ಪದರಪದರವಾಗಿ ಸಂಚಿತವಾದುವಾದರೂ, ಆ ಸಮುದ್ರವು ಹಿಂದೆಗೆದ ಮೇಲೆ ಈ ಸೀಮೆಗೆ ಉಳಿದುದು ಅದರ ಸುಣ್ಣವೇ ಹೊರತು ಅದರ ನೀರಲ್ಲ. ಇಲ್ಲಿ ಗಾಜಿನ ತೊಟ್ಟಿಯಲ್ಲಿ ಕಡಲಮೀನನ್ನು ಸಾಕಬಯಸುವವನು ಸಮುದ್ರವನ್ನು ತಾನೇ ನಿರ್ಮಿಸಿಕೊಳ್ಳಬೇಕು; ಆ ನಿರ್ಮಾಣದಲ್ಲಿ ಕಣ್ಣಳತೆಗೂ ನಾಲಗೆಯ ರುಚಿಗೂ ಸ್ಥಾನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಕಿಲೋ ಸಮುದ್ರಜಲದಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಅದರ ಸಾಪೇಕ್ಷ ಸಾಂದ್ರತೆ 1.026ರ ಆಸುಪಾಸು. ಅಡುಗೆಯ ಉಪ್ಪಿನಿಂದ ಇದು ಸಿದ್ಧಿಸದು, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಅಲ್ಲಿರಬೇಕು. ತೇಲುವ ಮಾಪಕವು ಉಷ್ಣತೆ ಬದಲಾದರೆ, ಅಥವಾ ಒಂದು ಗಾಳಿಗುಳ್ಳೆ ಅಂಟಿಕೊಂಡರೆ, ತಪ್ಪು ಹೇಳುವುದಾದುದರಿಂದ ಬೆಳಕಿನ ವಕ್ರೀಭವನವನ್ನು ಅಳೆಯುವ ರಿಫ್ರಾಕ್ಟೋಮೀಟರನ್ನು ಕೊಂಡು, 35ರ ಪ್ರಮಾಣದ್ರಾವಣದಿಂದ ಅದನ್ನು ಆಗಾಗ ಸರಿಪಡಿಸಿಕೊಳ್ಳುವುದು ಲೇಸು.

ಬೇಸಿಗೆಯಲ್ಲಿ ಪಾದರಸವು 40 ಡಿಗ್ರಿಯನ್ನು ಮೀರುವ ನಮ್ಮಲ್ಲಿ ತೊಟ್ಟಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಉಪ್ಪು ಅಲ್ಲಿಯೇ ಉಳಿದು ದಿನದಿನಕ್ಕೆ ದಟ್ಟವಾಗುತ್ತದೆ. ಆ ಕೊರತೆಯನ್ನು ಮತ್ತೆ ಉಪ್ಪುನೀರಿನಿಂದ ತುಂಬುವವರಿದ್ದಾರೆ. ಬೋರಿನ ನೀರನ್ನು ಸುರಿಯುವವರೂ ಇದ್ದಾರೆ. ಮೊದಲನೆಯವರು ಲವಣವನ್ನು ಹೆಚ್ಚಿಸುತ್ತಾರೆ, ಎರಡನೆಯವರು ಪ್ರತಿ ಸಲವೂ ಸುಣ್ಣವನ್ನು ಕೂಡಿಸುತ್ತಾರೆ. ಚಿಂಚೋಳಿಯ ಜಂಬಿಟ್ಟಿಗೆಯ ನೆಲದ ನೀರಿನ ಗುಣ ಬೇರೆಯಾಗಿರಬಹುದು, ಆದರೂ ಪರೀಕ್ಷಿಸದೆ ನಂಬತಕ್ಕದ್ದಲ್ಲ. ಆರ್‌ಒ ಯಂತ್ರದಿಂದ ಶೋಧಿಸಿದ ನೀರು ಈ ಕೆಲಸಕ್ಕೆ ಯೋಗ್ಯ. ಲವಣಾಂಶ 38ಕ್ಕೆ ಏರಿಬಿಟ್ಟ, ತುಂಬಿರುವ 100 ಲೀಟರಿನ ತೊಟ್ಟಿಯನ್ನು 35ಕ್ಕೆ ಇಳಿಸಲು ಸುಮಾರು 8 ಲೀಟರನ್ನು ಹೊರತೆಗೆದು ಅಷ್ಟೇ ಶುದ್ಧಜಲವನ್ನು, ಅದೂ ಕೆಲವು ದಿನಗಳಲ್ಲಿ ಹಂಚಿ, ಸೇರಿಸಬೇಕು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರದಲ್ಲಿ ಬೇರೆ ಬೇರೆ ವರ್ಣದ, ಎಂದರೆ ಶುದ್ಧತೆಯ, ಚಿನ್ನವನ್ನು ಕೂಡಿಸುವ ಲೆಕ್ಕಗಳನ್ನು ವಿಸ್ತಾರವಾಗಿ ಕಲಿಸಿದ್ದಾನೆ. ಈ ತೊಟ್ಟಿಯ ಲೆಕ್ಕವೂ ಅದೇ ಜಾತಿಯದು, ಶಾಲೆಯ ಮಕ್ಕಳಿಂದಲೂ ಮಾಡಿಸಬಹುದಾದುದು.

ಮೀನಿನ ಅವಸ್ಥೆಯನ್ನು ನೆನೆದರೆ ಇದು ಕೇವಲ ಗಣಿತವಾಗಿ ಉಳಿಯುವುದಿಲ್ಲ. ಕಡಲಮೀನಿನ ರಕ್ತದ ಲವಣಾಂಶವು ಸಮುದ್ರದ ಮೂರನೆಯ ಒಂದು ಪಾಲಿನಷ್ಟು ಮಾತ್ರವಾದ ಕಾರಣ ಅದರ ದೇಹದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದು ಕಡಲನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರದೂಡಿ ಬದುಕುತ್ತದೆ. ಪರೋಪಜೀವಿಗಳನ್ನು ಅಡಗಿಸಲೆಂದೂ ಉಪ್ಪಿನ ಖರ್ಚು ತಗ್ಗಲೆಂದೂ ಅನೇಕ ಅಂಗಡಿಗಳು ಲವಣಾಂಶವನ್ನು ಕಡಮೆ ಇಟ್ಟಿರುತ್ತವೆ. ಅಲ್ಲಿಂದ ಬಂದ ಜೀವವನ್ನು ಒಮ್ಮೆಗೇ 35ರ ನೀರಿಗೆ ಬಿಡುವುದು ಹಿಂಸೆ. ಆದುದರಿಂದ ಮಾರುವವರು ಪ್ರತಿಯೊಂದು ಚೀಲದ ಮೇಲೆಯೂ ಅದರ ನೀರಿನ ಲವಣಾಂಶವನ್ನು ಬರೆದುಕೊಡಬೇಕೆಂದು ನಾನು ಆಗ್ರಹಿಸುತ್ತೇನೆ. ಆ ಪದ್ಧತಿ ಬರುವವರೆಗೆ ಕೊಳ್ಳುವವರು ಚೀಲದ ನೀರನ್ನೂ ಮನೆಯ ನೀರನ್ನೂ ಒಂದೇ ಉಪಕರಣದಿಂದ ಅಳೆದು, ಹೊಸ ಮೀನಿಗೆ ಪ್ರತ್ಯೇಕವಾದ ಚಿಕ್ಕ ತೊಟ್ಟಿಯನ್ನು ಅದರ ಚೀಲದ ಅಂಕೆಗೇ ಹೊಂದಿಸಿಟ್ಟು, ಮೇಲಕ್ಕೇರಿಸುವಾಗ ದಿನಕ್ಕೆ ಒಂದೆರಡು ಅಂಕೆಗಳನ್ನು ಮೀರದಂತೆ ನೋಡಿಕೊಳ್ಳಬೇಕು.