ಸ್ಟ್ರೆಚರಿನ ಪಟ್ಟಿಗಳು

ಕಾಯಿಲೆಯವರನ್ನು ಪಟ್ಟಿಗಳಿಂದ ಬಿಗಿದು ಮಲಗಿಸುವುದೆಂದರೆ ನಮ್ಮ ಮನೆಗಳಲ್ಲಿ ಯಾರಿಗೂ ಸೇರದು. ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಿನಿಂದ ರೋಗಿಯನ್ನು ದಾವಣಗೆರೆಗೋ ಹುಬ್ಬಳ್ಳಿಗೋ ಒಯ್ಯುವಾಗ, “ಸ್ವಲ್ಪ ಸಡಿಲು ಮಾಡ್ರೆಪಾ, ಉಸಿರು ಕಟ್ಟೀತು” ಎಂದು ಯಾರಾದರೊಬ್ಬರು ಅನ್ನದೆ ಇರಲಾರರು. ಕನಿಕರವೇನೋ ಸಹಜವೇ. ಆದರೆ ಆ ಪಟ್ಟಿಗಳ ಕೆಲಸವೇನೆಂಬುದನ್ನು ಅರಿಯಬೇಕಾದರೆ ರೋಗಿಗಳನ್ನು ಒಯ್ಯುವ ಹೆಲಿಕಾಪ್ಟರಿನತ್ತ ಒಮ್ಮೆ ನೋಡುವುದು ಮೇಲು. ಅಲ್ಲಿ ಈ ವಿಷಯವನ್ನು ಲೆಕ್ಕ ಹಾಕಿಯೇ ನಿರ್ಣಯಿಸಿದ್ದಾರೆ.

ಋಷಿಕೇಶದ ಏಮ್ಸ್ ಆಸ್ಪತ್ರೆಯಲ್ಲಿ ಇಂಥ ಸೇವೆಯೊಂದು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. 2025ರ ಮೇ 17ರಂದು ಆ ಹೆಲಿಕಾಪ್ಟರು ರೋಗಿಯೊಬ್ಬರನ್ನು ಕರೆತರಲು ಕೇದಾರನಾಥಕ್ಕೆ ಹೋಗಿ, ಇಳಿಯುವಾಗ ಅಪಘಾತಕ್ಕೀಡಾಯಿತು. ಬಾಲದ ಭಾಗವು ಮುರಿಯಿತು. ಒಳಗಿದ್ದ ಮೂವರೂ ಉಳಿದರು. ಮರಳುವ ದಾರಿಯಲ್ಲಿ ಹಾಗಾಗಿದ್ದರೆ ಸ್ಟ್ರೆಚರಿನ ಮೇಲೆ ರೋಗಿಯೂ ಇರುತ್ತಿದ್ದರು.

ಕುಳಿತವನು ಕಾಲೂರಿಯಾನು, ಕೈಚಾಚಿ ಹಿಡಿದುಕೊಂಡಾನು. ಮಲಗಿದವನಿಗೆ ಅದಾವುದೂ ಇಲ್ಲ. ಕನಿಷ್ಠ ಪಕ್ಷ 77 ಕಿಲೋ ತೂಕದ ರೋಗಿಯನ್ನು, ಆ ತೂಕದ 16 ಪಟ್ಟು ಬಲವು ಮುಂದಕ್ಕೆ ನೂಕಿದರೂ, ಹೆಲಿಕಾಪ್ಟರಿನ ಸ್ಟ್ರೆಚರು ತಡೆದು ಹಿಡಿಯಬೇಕೆಂದು ಅಮೆರಿಕೆಯ ವಿಮಾನಯಾನ ನಿಯಮಗಳು ವಿಧಿಸಿವೆ. ಅಂದರೆ ಹನ್ನೆರಡು ಕ್ವಿಂಟಲಿಗೂ ಮೀರಿದ ಭಾರ! ಹನ್ನೆರಡು ಕ್ವಿಂಟಲ್ ಗೋವಿನಜೋಳವೆಂದರೆ ಎಷ್ಟೆಂಬುದನ್ನು ನಮ್ಮ ಒಕ್ಕಲಿಗರಿಗೆ ಹೇಳಬೇಕಾಗಿಲ್ಲ. ಸ್ಟ್ರೆಚರು ಯಂತ್ರದ ಉದ್ದಕ್ಕೆ ಇದ್ದರೆ ತುದಿಯಲ್ಲಿ ಮೆತ್ತೆ ಹೊದಿಸಿದ ಹಲಗೆಯೋ ಬಟ್ಟೆಯ ತಡೆಯೋ ಇರಬೇಕು. ಅಡ್ಡವಾಗಿದ್ದರೆ ಪಟ್ಟಿಗಳೇ ಆ ಭಾರವನ್ನು ತಾಳಬೇಕು. ಅಂಥ ಬಲವನ್ನು ಬಂಧುಗಳು ಕೈಯಿಂದ ಹಿಡಿದು ತಡೆಯುವೆವೆಂಬುದು ಬರಿಯ ಭ್ರಮೆ.

ನೆಲದ ಮೇಲಿನ ಗಾಡಿಗೂ ಇದೇ ನ್ಯಾಯ. ಯುರೋಪಿನ ನಿಯಮದಂತೆ ಆಂಬುಲೆನ್ಸಿನ ಸ್ಟ್ರೆಚರು 10 ಪಟ್ಟು ಬಲವನ್ನು ತಾಳಬೇಕು. ಅಲ್ಲಿ ರೋಗಿಯ ತಲೆಯು ಸಾಮಾನ್ಯವಾಗಿ ಚಾಲಕನ ಕಡೆಗಿರುತ್ತದೆ. ಗಾಡಿ ಒಮ್ಮೆಲೇ ನಿಂತಾಗ ದೇಹವು ತಲೆಯ ದಿಕ್ಕಿಗೇ ಜಾರುತ್ತದೆ. ಎದೆಯ, ತೊಡೆಯ ಅಡ್ಡಪಟ್ಟಿಗಳಷ್ಟೇ ಅದನ್ನು ನಿಲ್ಲಿಸಲಾರವು; ಹೆಗಲ ಮೇಲಿನಿಂದ ಇಳಿದುಬರುವ ಪಟ್ಟಿಗಳು ಬೇಕು. ಅವಸರದಲ್ಲಿ ಬಿಟ್ಟುಹೋಗುವುದೂ ಅವೇ. ಆದುದರಿಂದ 108ರ ಗಾಡಿ ಬಾಗಿಲಿಗೆ ಬಂದಾಗ ಮನೆಯವರು ಹೆಗಲಪಟ್ಟಿಯನ್ನು ನೆನಪಿಟ್ಟು ಕೇಳತಕ್ಕದ್ದು. ಉಸಿರಿನ ತೊಂದರೆಯಿದ್ದರೆ ತಲೆಯ ಭಾಗವನ್ನು ಎತ್ತರಿಸಲು ಹೇಳಬೇಕು, ಪಟ್ಟಿಯನ್ನು ಬಿಚ್ಚಲಲ್ಲ. ಬಸುರಿಗೆ ಸೊಂಟದ ಪಟ್ಟಿಯು ಹೊಟ್ಟೆಯ ಕೆಳಗೆ ಬರಬೇಕು. ಜೊತೆಗೆ ಹೋಗುವವರೂ ತಮ್ಮ ಆಸನದ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಇಲ್ಲವಾದರೆ ಗಾಡಿ ಡಿಕ್ಕಿ ಹೊಡೆದಾಗ ಅವರೇ ರೋಗಿಯ ಮೇಲೆ ಬಿದ್ದಾರು.