ಹಠಾತ್ ನಿದ್ದೆ, ಬೀಳುವಿಕೆ: ತಪಾಸಣೆ ಹತ್ತಿರದಲ್ಲೇ ಸಿಗಲಿ



ಪಾರ್ಕಿನ್ಸನ್ಸ್ ಕಾಯಿಲೆ ಇರುವ ನಮ್ಮ ತಂದೆ ಊಟದ ನಡುವೆಯೇ ನಿದ್ದೆಗೆ ಜಾರುತ್ತಾರೆ. ಕುರ್ಚಿಯಿಂದ ಎದ್ದೊಡನೆ ಬೀಳುತ್ತಾರೆ. ಇದು ಮುಪ್ಪಿನ ಸಹಜ ಲಕ್ಷಣವೆಂದು ಯಾರೂ ಸುಮ್ಮನಾಗಬಾರದು. ಈ ಕಾಯಿಲೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳು ಹಠಾತ್ ನಿದ್ದೆ ತರಬಲ್ಲವು. ಎದ್ದು ನಿಂತಾಗ ರಕ್ತದೊತ್ತಡ ಕುಸಿದರೂ ಕಣ್ಣು ಕತ್ತಲಿಟ್ಟು ಬೀಳುವುದುಂಟು. ಹಾಗೆಂದು ಮಾತ್ರೆಯನ್ನು ನಾವೇ ನಿಲ್ಲಿಸುವುದು ಅಪಾಯ. ವೈದ್ಯರೇ ಪ್ರಮಾಣ ಬದಲಿಸಬೇಕು. ಮಲಗಿದಾಗ ಮತ್ತು ನಿಂತಾಗ ಬಿ.ಪಿ. ನೋಡಲು ಕೆಲವೇ ನಿಮಿಷ ಸಾಕು.

ಹಲಸೂರು, ಕೆ.ಆರ್. ಪುರದ ವೃದ್ಧರಿಗೆ ಇಂಥ ತಪಾಸಣೆಗೆ ಪ್ರತಿ ಸಲ ನಿಮ್ಹಾನ್ಸ್ ಆಸ್ಪತ್ರೆಯವರೆಗೆ ಹೋಗುವುದು ಕಷ್ಟ. ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸಿ.ವಿ. ರಾಮನ್ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಈ ತಪಾಸಣೆಯೂ ಬೀಳದಂತೆ ನಡೆಯುವ ತರಬೇತಿಯೂ ಒಟ್ಟಿಗೆ ಸಿಗುವಂತೆ ಸರ್ಕಾರ ಏರ್ಪಡಿಸಲಿ.

– ಓರ್ವ ಓದುಗ, ಹಲಸೂರು, ಬೆಂಗಳೂರು